ಹೀಟರ್ ಇರುವ ಅಕ್ವೇರಿಯಂಗೆ ಹೊಸ ನೀರು: ಕಲಬುರಗಿಯ ಮನೆಗೆ ಯಾವ ಪದ್ಧತಿ ಹೊಂದುತ್ತದೆ

ಎಳ್ಳ ಅಮಾವಾಸ್ಯೆಯ ದಿನಗಳಲ್ಲಿ ಬೆಳಗಿನ ಆರು ಗಂಟೆಗೆ ಮಾಳಿಗೆ ಮೇಲಿನ ಸಿಂಟೆಕ್ಸ್‌ನಿಂದ ಇಳಿಯುವ ನೀರು ಕೈ ಕೊರೆಯುತ್ತದೆ. ಅದೇ ನಳ ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ತೆರೆದರೆ ಸುಡುನೀರು ಬರುತ್ತದೆ. ಪಡಸಾಲೆಯ ಮೂಲೆಯ ಅಕ್ವೇರಿಯಂನಲ್ಲಿರುವ ಗಪ್ಪಿ, ಮೊಲ್ಲಿ, ಏಂಜೆಲ್, ಬೆಟ್ಟಾ ಮೀನುಗಳಿಗೆ ಮಾತ್ರ ವರ್ಷವಿಡೀ 24ರಿಂದ 28 ಡಿಗ್ರಿಯೊಳಗಿನ ನೀರು ಬೇಕು. ಚಳಿಗಾಲದಲ್ಲಿ ಹೀಟರ್ ಆ ಕೆಲಸ ಮಾಡುತ್ತದೆ. ಆದರೆ ವಾರಕ್ಕೊಮ್ಮೆ ನೀರು ಬದಲಿಸುವ ಹತ್ತು ನಿಮಿಷದಲ್ಲಿ ನಾವು ಒಂದು ತಣ್ಣೀರಿನ ಬಕೆಟ್ ಸುರಿದರೆ ಆ ವಾರದ ಕೆಲಸವೆಲ್ಲ ಕೆಡುತ್ತದೆ.

ಕಲಬುರಗಿ, ಯಾದಗಿರಿ, ಬೀದರ್ ಕಡೆ ಮೀನು ಸಾಕುವವರಿಗೆ ಸಿಗುವ ಸಲಹೆ ಹೆಚ್ಚಾಗಿ ಕರಾವಳಿಯ ಅಥವಾ ಬೆಂಗಳೂರಿನ ಹವೆಗೆ ಹೊಂದುವಂಥದ್ದು. ಅಲ್ಲಿ ನಳದ ನೀರಿಗೂ ತೊಟ್ಟಿಯ ನೀರಿಗೂ ಅಂತರ ಕಡಿಮೆ. ನಮ್ಮಲ್ಲಿ ಅಂತರ ದೊಡ್ಡದು, ನೀರು ಗಡಸು, ನಳಕ್ಕೆ ನೀರು ಬಿಡುವುದೂ ದಿನಗಳ ಅಂತರದಲ್ಲಿ. ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಮನೆಗಳಲ್ಲಿ ಸಾಧ್ಯವಿರುವ ಪದ್ಧತಿಗಳನ್ನು ಇಲ್ಲಿ ಹೋಲಿಸಿದ್ದೇನೆ.

ಎಷ್ಟು ನೀರು: ಪೂರ್ತಿ, ಅರ್ಧ, ಕಾಲು

ಮೊದಲು ಒಂದು ಸಣ್ಣ ಲೆಕ್ಕ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 56 ಲೀಟರ್ ಹಿಡಿಯುತ್ತದೆ. ಲೆಕ್ಕ ಸುಲಭವಾಗಲೆಂದು 60 ಅನ್ನೋಣ. ನೀರು 26 ಡಿಗ್ರಿ ಇದೆ. ಡಿಸೆಂಬರ್ ಬೆಳಗಿನ 16 ಡಿಗ್ರಿಯ ನೀರನ್ನು ಕಾಲು ಭಾಗ, ಅಂದರೆ 15 ಲೀಟರ್ ಹಾಕಿದರೆ ತೊಟ್ಟಿಯ ಶಾಖ 23.5ಕ್ಕೆ ಇಳಿಯುತ್ತದೆ. ಅರ್ಧ ಬದಲಿಸಿದರೆ 21. ಹತ್ತನೇ ಒಂದು ಭಾಗ ಬದಲಿಸಿದರೆ 25. ಮೀನು ತಾಳಿಕೊಳ್ಳುವುದು ಒಂದರಿಂದ ಎರಡು ಡಿಗ್ರಿಯ ಏರಿಳಿತವನ್ನು. ಅದಕ್ಕಿಂತ ದೊಡ್ಡ ಹಠಾತ್ ಕುಸಿತವಾದರೆ ಅದರ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಚಳಿಗಾಲದಲ್ಲಿ ನೀರು ಬದಲಿಸಿದ ಕೆಲವೇ ದಿನಗಳಲ್ಲಿ ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆ ರೋಗ ಕಾಣಿಸಿಕೊಳ್ಳುವುದು ಬಹಳ ಸಲ ಇದರಿಂದಲೇ.

ಮೀನನ್ನೆಲ್ಲ ಬಕೆಟ್‌ಗೆ ಹಾಕಿ, ತೊಟ್ಟಿ ತಿಕ್ಕಿ ತೊಳೆದು, ಕಲ್ಲು-ಮರಳನ್ನು ನಳದ ಕೆಳಗೆ ಜಾಲಿಸಿ, ಪೂರ್ತಿ ಹೊಸ ನೀರು ತುಂಬುವ ರೂಢಿ ನಮ್ಮಲ್ಲಿ ಇನ್ನೂ ಬಹಳ ಮನೆಗಳಲ್ಲಿದೆ. ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ವಾಸಿಸುವುದು ಕಲ್ಲು, ಮರಳು ಮತ್ತು ಫಿಲ್ಟರ್ ಸ್ಪಂಜಿನಲ್ಲಿ. ಅದನ್ನೇ ಕ್ಲೋರಿನ್ ನೀರಿನಲ್ಲಿ ತೊಳೆದರೆ ನೋಡಲು ಸ್ವಚ್ಛವಾದ ತೊಟ್ಟಿಯಲ್ಲಿ ವಿಷ ಸೇರಲು ಶುರುವಾಗುತ್ತದೆ.

ವಾರಕ್ಕೊಮ್ಮೆ 20ರಿಂದ 25 ಶೇಕಡಾ ಸಾಕು. ಮೀನು ಹೆಚ್ಚಿದ್ದು ತೊಟ್ಟಿ ಚಿಕ್ಕದಾದರೆ ಒಂದೇ ಸಲ ಅರ್ಧ ತೆಗೆಯುವ ಬದಲು ವಾರದಲ್ಲಿ ಎರಡು ಸಲ 15-20 ಶೇಕಡಾ ಬದಲಿಸಿ.

ತಿಂಗಳುಗಟ್ಟಲೆ ನೀರು ಬದಲಿಸದೆ ಬಿಟ್ಟ ತೊಟ್ಟಿಯ ವಿಷಯ ಬೇರೆ, ಅಲ್ಲಿ ಇನ್ನೂ ಹುಷಾರಾಗಿರಬೇಕು. ಹಳೆಯ ನೀರಿನ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ, ಕಾಲಕ್ರಮೇಣ ಇಳಿದಿರುತ್ತದೆ. ಪಿಎಚ್ 7ರ ಹತ್ತಿರ, 25 ಡಿಗ್ರಿಯಲ್ಲಿ ಒಟ್ಟು ಅಮೋನಿಯಾದ ಅರ್ಧ ಶೇಕಡಾದಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದಾಗ ಅದೇ 5 ಶೇಕಡಾ ದಾಟುತ್ತದೆ, ಅಂದರೆ ಹತ್ತು ಪಟ್ಟು. ನೀರು ಬಿಸಿಯಾದಷ್ಟೂ ಇನ್ನೂ ಏರುತ್ತದೆ. ನಮ್ಮ ಬೋರ್ ನೀರು ಬಹುತೇಕ ಕ್ಷಾರೀಯ. ಹಾಗಾಗಿ ಕೆಟ್ಟ ತೊಟ್ಟಿಗೆ ಒಮ್ಮೆಲೇ ಅರ್ಧ ಬೋರ್ ನೀರು ಸುರಿದಾಗ, ಅಲ್ಲಿಯವರೆಗೆ ಸುಮ್ಮನಿದ್ದ ಅಮೋನಿಯಾ ವಿಷವಾಗಿ ಬದಲಾಗುತ್ತದೆ. “ನೀರು ಬದಲಿಸಿದ ಮರುದಿನವೇ ಮೀನು ಸತ್ತವು” ಎಂದು ದೂರುವವರ ತೊಟ್ಟಿಯಲ್ಲಿ ಆಗಿರುವುದು ಹೆಚ್ಚಾಗಿ ಇದೇ. ಅಂಥ ತೊಟ್ಟಿಗೆ ದಿನ ಬಿಟ್ಟು ದಿನ 10 ಶೇಕಡಾದಂತೆ ಎರಡು ವಾರ ಬದಲಿಸಿ, ಆಮೇಲೆ ವಾರದ ರೂಢಿಗೆ ಬನ್ನಿ.

ಯಾವ ನೀರು: ನಳ, ಬೋರ್, ಆರ್‌ಒ, ಕ್ಯಾನ್

ಕಲಬುರಗಿ ನಗರಕ್ಕೆ ನಳದ ನೀರು ಭೀಮಾ ನದಿಯಿಂದಲೂ ಬೆಣ್ಣೆತೊರಾ ಜಲಾಶಯದಿಂದಲೂ ಬರುತ್ತದೆ. ಬೀದರಿಗೆ ಕಾರಂಜಾ, ಯಾದಗಿರಿಗೆ ಭೀಮಾ. ಹೊಳೆಯ ನೀರು ಬೋರ್ ನೀರಿಗಿಂತ ಸಾಮಾನ್ಯವಾಗಿ ಮೆದು, ಮೀನಿಗೆ ಒಳ್ಳೆಯದು. ಅದರಲ್ಲಿನ ಒಂದೇ ತೊಂದರೆ ಕ್ಲೋರಿನ್. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಅದೇ ಸುಡುವ ವಸ್ತು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಬಂದಾಗ ಸ್ಫಟಿಕವೂ (ಆಲಂ) ಕ್ಲೋರಿನ್ನೂ ಹೆಚ್ಚು ಬೀಳುತ್ತವೆ. ನಳದಿಂದ ಬ್ಲೀಚಿಂಗ್ ಪುಡಿಯ ವಾಸನೆ ಬರುವ ದಿನ ನೀರು ಬದಲಿಸುವುದನ್ನೇ ಮುಂದೂಡಿ.

ಬೋರ್ ನೀರಿನ ಗುಣ ಕೆಳಗಿನ ಕಲ್ಲಿನ ಮೇಲೆ ನಿಂತಿದೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ನೆಲದಡಿ ಸುಣ್ಣದಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಬಂದದ್ದೂ ಅದಕ್ಕೇ. ಆ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ತೊಟ್ಟಿಯ ಗಾಜಿನ ಮೇಲೂ ಹೀಟರ್ ಕೊಳವೆಯ ಮೇಲೂ ಬಿಳಿ ಪದರ ಕಟ್ಟುತ್ತದೆ. ಆ ಪದರ ದಪ್ಪವಾದರೆ ಹೀಟರಿನ ಶಾಖ ನೀರಿಗೆ ಸರಿಯಾಗಿ ಇಳಿಯುವುದಿಲ್ಲ. ತಿಂಗಳಿಗೊಮ್ಮೆ ಹೀಟರನ್ನು ಪ್ಲಗ್ ತೆಗೆದು, ಆರಿಸಿ, ಹೊರಗೆ ತಂದು ನಿಂಬೆರಸದಲ್ಲಿ ಒರೆಸಿದರೆ ಪದರ ಬಿಡುತ್ತದೆ. ಬೀದರಿನಲ್ಲಿ ಕೆಂಪು ಜಂಬಿಟ್ಟಿಗೆಯ ಕಲ್ಲು. ಅದರಲ್ಲಿ ಸುಣ್ಣ ಕಡಿಮೆ, ಆದ್ದರಿಂದ ಅಲ್ಲಿನ ಬಾವಿ ನೀರಿಗೆ ಕಲಬುರಗಿಯ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ನಿಮ್ಮ ನೀರನ್ನು, ಕರಗಿದ ಲವಣದ ಪ್ರಮಾಣ ತೋರಿಸುವ ಒಂದು ಟಿಡಿಎಸ್ ಮೀಟರಿನಿಂದಲೂ ಪಿಎಚ್ ಹನಿ ಪರೀಕ್ಷೆಯಿಂದಲೂ ಒಮ್ಮೆ ನೋಡಿಕೊಳ್ಳಿ.

ಗಡಸು ನೀರು ಎಲ್ಲ ಮೀನಿಗೂ ಶತ್ರುವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಗಪ್ಪಿ, ಮೊಲ್ಲಿ, ಪ್ಲಾಟಿ ಮತ್ತು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳು ಗಡಸು ನೀರಿನಲ್ಲೇ ಚೆನ್ನಾಗಿರುತ್ತವೆ. ಬೋರ್ ನೀರು ಮಾತ್ರ ಇರುವ ಮನೆಯವರು ನಿಯಾನ್ ಟೆಟ್ರಾ, ಡಿಸ್ಕಸ್ ತಂದು ವರ್ಷಪೂರ್ತಿ ನೀರಿನೊಂದಿಗೆ ಹೋರಾಡುವ ಬದಲು ಇಂಥ ಮೀನುಗಳನ್ನೇ ಸಾಕಬಹುದು. ನೀರು ಬದಲಿಸುವ ಅರ್ಧ ಕಷ್ಟ ಅಲ್ಲಿಗೇ ತೀರುತ್ತದೆ.

ಬೋರ್ ನೀರಿನಲ್ಲಿ ನೋಡಬೇಕಾದ ಇನ್ನೊಂದು ಅಂಶ ನೈಟ್ರೇಟ್. ಹೊಲಗಳ ನಡುವೆ ಎದ್ದ ಬಡಾವಣೆಗಳಲ್ಲಿ ಗೊಬ್ಬರದ ಮತ್ತು ಚರಂಡಿಯ ಅಂಶ ಬೋರಿಗೆ ಇಳಿದಿರಬಹುದು. ಕುಡಿಯುವ ನೀರಿಗೆ ಮಾನಕ ಇಟ್ಟಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ನಾವು ನೀರು ಬದಲಿಸುವುದೇ ನೈಟ್ರೇಟ್ ಇಳಿಸಲು. ಹೊಸ ನೀರಿನಲ್ಲೇ ಅದು ತುಂಬಿದ್ದರೆ ಎಷ್ಟು ಬದಲಿಸಿದರೂ ಫಲವಿಲ್ಲ. ಜೊತೆಗೆ ಬೋರ್ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಇರುತ್ತದೆ. ಮೋಟಾರ್ ಹಾಕಿದ ಕೂಡಲೇ ತೊಟ್ಟಿಗೆ ಬಿಡಬಾರದು. ಒಂದು ರಾತ್ರಿ ಗಾಳಿಯಾಡಲಿ, ಆ ಹೊತ್ತಿಗೆ ಪಿಎಚ್ ಕೂಡ ತನ್ನ ನಿಜವಾದ ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಆರ್‌ಒ ನೀರು ಮತ್ತು 20 ಲೀಟರಿನ ಕ್ಯಾನ್ ನೀರು ಶುದ್ಧ ಎಂಬ ಕಾರಣಕ್ಕೆ ಬಹಳ ಜನ ಪೂರ್ತಿ ಅದನ್ನೇ ಹಾಕುತ್ತಾರೆ. ಖನಿಜವೇ ಇಲ್ಲದ ನೀರಿನಲ್ಲಿ ಪಿಎಚ್ ಹಿಡಿದಿಡುವ ಶಕ್ತಿ ಇರುವುದಿಲ್ಲ, ಒಂದು ದಿನ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಆರ್‌ಒ ನೀರನ್ನು ಬೋರ್ ಅಥವಾ ನಳದ ನೀರಿಗೆ ಬೆರೆಸಲು ಬಳಸಿ. ಅರ್ಧಕ್ಕರ್ಧ ಬೆರೆಸಿದರೆ ಗಡಸುತನವೂ ಸುಮಾರು ಅರ್ಧವಾಗುತ್ತದೆ. ಒಮ್ಮೆ ಒಂದು ಪ್ರಮಾಣ ಹಿಡಿದರೆ ಅದನ್ನೇ ಮುಂದುವರಿಸಿ. ಈ ವಾರ ಬೋರ್, ಮುಂದಿನ ವಾರ ಕ್ಯಾನ್ ಎಂದು ತಿರುವುಮುರುವು ಮಾಡುವುದು ಗಡಸು ನೀರಿಗಿಂತ ಹೆಚ್ಚು ಹಾನಿ. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಬೇಡ, ಅದರಲ್ಲಿ ಲವಣ, ನೈಟ್ರೇಟ್ ಎಲ್ಲ ಗಟ್ಟಿಯಾಗಿರುತ್ತವೆ. ಗಡಸು ನೀರನ್ನು ಮೆದು ಮಾಡಲು ಉಪ್ಪು ಹಾಕಿ ನಡೆಸುವ ಸಾಫ್ಟನರ್ ಯಂತ್ರದ ನೀರೂ ಬೇಡ.

ತೊಟ್ಟಿಯ ಅಲಂಕಾರಕ್ಕೆ ಶಹಾಬಾದ್ ಫರಸಿಯ ತುಂಡು ಇಡುವವರು ಗಮನಿಸಿ: ಅದು ಸುಣ್ಣದಕಲ್ಲು. ಅದರ ಮೇಲೆ ನಿಂಬೆರಸ ಹಿಂಡಿದರೆ ನೊರೆ ಬರುತ್ತದೆ. ಮೊಲ್ಲಿ ಸಾಕುವವರಿಗೆ ತೊಂದರೆಯಿಲ್ಲ. ಮೆದು ನೀರು ಮಾಡಲು ಆರ್‌ಒ ಬೆರೆಸುತ್ತಿರುವವರ ಶ್ರಮವನ್ನು ಮಾತ್ರ ಆ ಕಲ್ಲು ಒಳಗಿನಿಂದಲೇ ಕೆಡಿಸುತ್ತಿರುತ್ತದೆ.

ಕ್ಲೋರಿನ್ ತೆಗೆಯಲು: ಇಡುವುದೋ, ಹನಿ ಹಾಕುವುದೋ

ಬಾಯಗಲದ ಡ್ರಮ್ಮಿನಲ್ಲಿ 24 ಗಂಟೆ ಇಟ್ಟರೆ ಸಾದಾ ಕ್ಲೋರಿನ್ ಹಾರಿಹೋಗುತ್ತದೆ. ಒಂದು ಏರ್ ಪಂಪಿನ ಕಲ್ಲು ಬಿಟ್ಟರೆ ಇನ್ನೂ ಬೇಗ. ಅಂಗಡಿಯಲ್ಲಿ ಆಂಟಿಕ್ಲೋರಿನ್ ಎಂದು ಸಿಗುವುದು ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್. ಅದು ಕ್ಲೋರಿನ್ನನ್ನು ನಿಮಿಷದೊಳಗೆ ಕಟ್ಟಿಹಾಕುತ್ತದೆ. ಎರಡರಲ್ಲಿ ನನ್ನ ಒಲವು ಡ್ರಮ್ಮಿನ ಕಡೆ. ನಮ್ಮ ಊರಲ್ಲಿ ನೀರು ಬಂದ ದಿನ ಹೇಗೂ ತುಂಬಿಡುತ್ತೇವೆ, ಕ್ಲೋರಿನ್ ಹೋಗುವುದರ ಜೊತೆಗೆ ನೀರು ಕೋಣೆಯ ಶಾಖಕ್ಕೂ ಬರುತ್ತದೆ. ಆದರೆ ಹನಿಯ ಬಾಟಲಿ ಮನೆಯಲ್ಲಿರಲಿ. ಮೀನು ಸತ್ತು ನೀರು ಕೆಟ್ಟಾಗ, ಆಹಾರ ಹೆಚ್ಚು ಬಿದ್ದಾಗ, ಒಂದು ದಿನ ಕಾಯಲು ಆಗುವುದಿಲ್ಲ. ಬಕೆಟ್‌ಗೆ ಹಾಕುವುದಾದರೆ ಬಕೆಟಿನ ಲೆಕ್ಕ, ಪೈಪಿನಿಂದ ನೇರ ತೊಟ್ಟಿಗೆ ಬಿಡುವುದಾದರೆ ಇಡೀ ತೊಟ್ಟಿಯ ಲೆಕ್ಕದಲ್ಲಿ, ನೀರು ಬಿಡುವ ಮೊದಲೇ ಹಾಕಿ. ನೀರು ಶುದ್ಧೀಕರಣಕ್ಕೆ ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ವಸ್ತು) ಬಳಸುವ ಊರಾದರೆ ಒಂದು ದಿನ ಇಟ್ಟರೂ ಅದು ಹೋಗುವುದಿಲ್ಲ, ಅದಕ್ಕೆ ಅಮೋನಿಯಾವನ್ನೂ ಹಿಡಿಯುವ ಕಂಡೀಷನರ್ ಬೇಕು. ಅನುಮಾನವಿದ್ದರೆ ಕ್ಲೋರಿನ್ ಪರೀಕ್ಷೆಯ ಹನಿ ತನ್ನಿ, ಇಟ್ಟ ನೀರು ಮರುದಿನವೂ ಹಳದಿಗೆ ತಿರುಗಿದರೆ ಉತ್ತರ ಸಿಕ್ಕಂತೆ.

ಡ್ರಮ್ಮಿಗೆ ತೆಳು ಬಟ್ಟೆ ಕಟ್ಟಿ. ನಿಂತ ಶುದ್ಧ ನೀರಿನಲ್ಲೇ ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು. ಬಟ್ಟೆಯ ಮೂಲಕ ಕ್ಲೋರಿನ್ ಹೋಗಲು ಅಡ್ಡಿಯಿಲ್ಲ. ಲಾರ್ವಾ ನಾಶಕ ಹಾಕಿದ ಡ್ರಮ್ಮಿನ ನೀರನ್ನೂ, ತಿಳಿಯಾಗಲೆಂದು ಸ್ಫಟಿಕ ಆಡಿಸಿದ ನೀರನ್ನೂ ಅಕ್ವೇರಿಯಂಗೆ ಬಳಸಬೇಡಿ. ಲಾರ್ವಾ ನಾಶಕ ಸಿಗಡಿಗಳಿಗಂತೂ ಘೋರ ವಿಷ.

ಹೊಸ ನೀರನ್ನು ಬೆಚ್ಚಗೆ ಮಾಡುವ ದಾರಿಗಳು

“ತಣ್ಣೀರು ಹಾಕಿದರೇನು, ಒಳಗೆ ಹೀಟರ್ ಇದೆಯಲ್ಲ” ಎನ್ನುವ ಮಾತು ಬಹಳ ಕೇಳುತ್ತೇನೆ. ಮೊದಲಿನ ಲೆಕ್ಕವನ್ನೇ ನೋಡಿ: 23.5ಕ್ಕೆ ಇಳಿದ 60 ಲೀಟರ್ ನೀರನ್ನು ಮತ್ತೆ 26ಕ್ಕೆ ತರಲು 100 ವ್ಯಾಟ್ ಹೀಟರಿಗೆ ಹತ್ತಿರ ಹತ್ತಿರ ಎರಡು ಗಂಟೆ ಬೇಕು. ಮೀನಿಗೆ ಚಳಿ ತಾಗಿದ್ದು ಐದು ನಿಮಿಷದಲ್ಲಿ. ಆ 15 ಲೀಟರನ್ನು ಹೊರಗೇ 16ರಿಂದ 26ಕ್ಕೆ ಕಾಯಿಸಲು ಬೇಕಾಗುವ ವಿದ್ಯುತ್ ಕೂಡ ಅಷ್ಟೇ, ಒಂದು ಯೂನಿಟ್‌ನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಖರ್ಚು ಒಂದೇ ಆಗಿರುವಾಗ ಮೀನಿನ ಮೇಲೆ ಆ ಪೆಟ್ಟು ಯಾಕೆ ಬೀಳಬೇಕು? ಹೊಸ ನೀರು ಹೊರಗೇ ಸಿದ್ಧವಾಗಬೇಕು. ಹೇಗೆ ಎಂಬುದಷ್ಟೇ ಆಯ್ಕೆ.

ಅತಿ ಸರಳವಾದದ್ದು ಪಡಸಾಲೆಯಲ್ಲೇ ಡ್ರಮ್ ಇಡುವುದು. ಕಲಬುರಗಿಯ ಮನೆಯೊಳಗೆ ಚಳಿಗಾಲದಲ್ಲೂ ನೀರು ಒಂದು ರಾತ್ರಿಯಲ್ಲಿ 21 ಡಿಗ್ರಿಯ ಆಸುಪಾಸಿಗೆ ಬರುತ್ತದೆ ಎಂದುಕೊಳ್ಳಿ. ಆ ನೀರನ್ನು 20 ಶೇಕಡಾ ಬದಲಿಸಿದರೆ ತೊಟ್ಟಿ 26ರಿಂದ 25ಕ್ಕೆ ಇಳಿಯುತ್ತದೆ, ಒಂದೇ ಡಿಗ್ರಿ. ಏನನ್ನೂ ಕಾಯಿಸಬೇಕಿಲ್ಲ. ಬೀದರಿನ ಎತ್ತರದಲ್ಲಿ ಚಳಿ ಹೆಚ್ಚು, ಕೋಣೆ 18ಕ್ಕೆ ಇಳಿದರೆ ತೊಟ್ಟಿ 24.4 ಆಗುತ್ತದೆ. ಅಲ್ಲಿ ಒಂದು ತಂಬಿಗೆ ಬಿಸಿನೀರು ಬೆರೆಸುವುದು ಒಳ್ಳೆಯದು. ನನ್ನ ಮಟ್ಟಿಗೆ ನಮ್ಮ ಭಾಗದ ಬಹುಪಾಲು ಮನೆಗಳಿಗೆ ಇದೇ ಮೊದಲ ಆಯ್ಕೆ, ಬೇರೆ ಎಲ್ಲವೂ ಇದು ಸಾಧ್ಯವಾಗದಿದ್ದಾಗ.

ಎರಡನೆಯದು ಬಿಸಿಲು. ನಮ್ಮಲ್ಲಿ ಡಿಸೆಂಬರ್, ಜನವರಿಯ ಹಗಲೂ ಬೆಚ್ಚಗೆ. ಹತ್ತು ಗಂಟೆಗೆ ಮಾಳಿಗೆ ಮೇಲೆ ಎರಡು ಬಕೆಟ್ ನೀರಿಟ್ಟರೆ ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ಶಾಖದ ಹತ್ತಿರಕ್ಕೆ ಬಂದಿರುತ್ತದೆ. ಕ್ಲೋರಿನ್ ಕೂಡ ಬಿಸಿಲಿಗೆ ಬೇಗ ಒಡೆಯುತ್ತದೆ. ಖರ್ಚಿಲ್ಲ. ಆದರೆ ಧೂಳು, ಕಾಗೆ, ಮರೆತುಹೋಗುವುದು, ಇವು ತೊಂದರೆ. ಥರ್ಮಾಮೀಟರ್ ಇಲ್ಲದೆ ಈ ದಾರಿ ಬೇಡ.

ಮೂರನೆಯದು ಒಲೆಯ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ ಬೆರೆಸುವುದು. 16 ಡಿಗ್ರಿಯ ನೀರನ್ನು 15 ಲೀಟರ್ ಪ್ರಮಾಣದಲ್ಲಿ 26ಕ್ಕೆ ತರಲು ಅದರಲ್ಲಿ ಸುಮಾರು ಎರಡು ಲೀಟರ್ ಕುದಿನೀರು ಇದ್ದರೆ ಸಾಕು. ಎರಡು ಅಡಿಯ ತೊಟ್ಟಿಗೆ ಇದು ಚೆನ್ನ. ಬೆರೆಸುವುದು ಬಕೆಟಿನಲ್ಲಿ, ಮೊದಲು ತಣ್ಣೀರು ಆಮೇಲೆ ಬಿಸಿನೀರು, ಚೆನ್ನಾಗಿ ಕದಡಿ ಅಳೆದು ಆಮೇಲೆ ತೊಟ್ಟಿಗೆ. ಕುದಿನೀರನ್ನು ನೇರ ತೊಟ್ಟಿಗೆ ಸುರಿಯುವುದು ಎಂದಿಗೂ ಬೇಡ. ನಾಲ್ಕು ಅಡಿಯ ತೊಟ್ಟಿಯಾದರೆ ಕಾಲು ಭಾಗವೇ 60 ಲೀಟರ್, ಅದಕ್ಕೆ ಏಳೆಂಟು ಲೀಟರ್ ಕುದಿನೀರು ಹೊತ್ತು ತರಬೇಕು. ಮಕ್ಕಳು ಓಡಾಡುವ ಮನೆಯಲ್ಲಿ ಇದು ಅಪಾಯ, ನಾನು ಒಪ್ಪುವುದಿಲ್ಲ.

ಗೀಸರ್ ನೀರು ಕೈಗೆಟಕುವಷ್ಟು ಸುಲಭ, ಅದಕ್ಕೇ ಜನ ಅತ್ತ ವಾಲುತ್ತಾರೆ. ಗೀಸರಿನ ಒಳಗೆ ತಾಮ್ರದ ಭಾಗಗಳಿರಬಹುದು, ಗ್ಯಾಸ್ ಗೀಸರಿನಲ್ಲಂತೂ ಕಾಯಿಸುವ ಕೊಳವೆಯೇ ಹೆಚ್ಚಾಗಿ ತಾಮ್ರದ್ದು. ಸಿಗಡಿ ಮತ್ತು ಬಸವನಹುಳುಗಳಿಗೆ ತಾಮ್ರ ಅತಿ ಸಣ್ಣ ಪ್ರಮಾಣದಲ್ಲೂ ವಿಷ. ಮೀನು ಮಾತ್ರ ಇರುವ ತೊಟ್ಟಿಗೆ, ನಿಂತ ನೀರನ್ನು ಮೊದಲು ಹರಿಯಬಿಟ್ಟು, ಸ್ವಲ್ಪ ಬೆರೆಸಿದರೆ ನಡೆಯಬಹುದು. ಸಿಗಡಿ ಇದ್ದರೆ ಬೇಡವೇ ಬೇಡ.

ಸ್ನಾನದ ನೀರು ಕಾಯಿಸುವ ರಾಡ್ ಬಗ್ಗೆ ಖಂಡಿತವಾಗಿ ಹೇಳುತ್ತೇನೆ: ಅಕ್ವೇರಿಯಂ ಒಳಗೆ ಅದನ್ನು ಇಡಬೇಡಿ. ಅದಕ್ಕೆ ಥರ್ಮೋಸ್ಟಾಟ್ ಇಲ್ಲ, ಸಾವಿರ ವ್ಯಾಟಿನ ಮೇಲಿನ ಶಕ್ತಿ, ನೀರಿಗೆ ಕೈ ಹಾಕಿದವರಿಗೆ ಶಾಕ್ ಹೊಡೆಯುವ ಭಯ ಬೇರೆ.

ದೊಡ್ಡ ತೊಟ್ಟಿಯವರಿಗೆ ಸರಿಯಾದದ್ದು ಡ್ರಮ್ಮಿಗೇ ಒಂದು ಬೇರೆ ಅಕ್ವೇರಿಯಂ ಹೀಟರ್ ಮತ್ತು ಏರ್ ಪಂಪ್. 60 ಲೀಟರನ್ನು ಹತ್ತು ಡಿಗ್ರಿ ಏರಿಸಲು 200 ವ್ಯಾಟಿನ ಹೀಟರಿಗೆ ಮೂರೂವರೆ-ನಾಲ್ಕು ಗಂಟೆ, ವಿದ್ಯುತ್ ಮುಕ್ಕಾಲು ಯೂನಿಟ್‌ಗಿಂತ ಕಡಿಮೆ. ರಾತ್ರಿ ಹಾಕಿದರೆ ಬೆಳಿಗ್ಗೆ ನೀರು ಸಿದ್ಧ. ಏರ್ ಪಂಪ್ ಬಿಡಬೇಡಿ. ತಣ್ಣೀರು ಬೇಗ ಬಿಸಿಯಾದಾಗ ಅದರಲ್ಲಿ ಕರಗಿದ ಅನಿಲ ಸಣ್ಣ ಗುಳ್ಳೆಗಳಾಗಿ ಹೊರಬೀಳುತ್ತದೆ. ಹೊಸ ನೀರು ಹಾಕಿದ ಮೇಲೆ ಮೀನಿನ ಮೈಮೇಲೆ ಮುತ್ತಿನಂಥ ಗುಳ್ಳೆ ಅಂಟಿದ್ದು ಕಂಡರೆ ನೀರಿನಲ್ಲಿ ಹೆಚ್ಚಾದ ಆ ಅನಿಲ ಪೂರ್ತಿ ಹೊರಹೋಗಿಲ್ಲ ಎಂದರ್ಥ. ಏರ್ ಪಂಪ್ ಆ ಅನಿಲವನ್ನು ಡ್ರಮ್ಮಿನಲ್ಲೇ ಹೊರಹಾಕುತ್ತದೆ.

ಇನ್ನೊಂದು ಸದ್ದಿಲ್ಲದ ಉಪಾಯ, ನಿಧಾನವಾಗಿ ಹನಿಸುವುದು. ಬಕೆಟನ್ನು ತೊಟ್ಟಿಗಿಂತ ಎತ್ತರದಲ್ಲಿಟ್ಟು ಏರ್ ಪಂಪಿನ ತೆಳು ಪೈಪಿಗೆ ಗಂಟು ಹಾಕಿ ಒಂದು ಗಂಟೆಯಲ್ಲಿ 12 ಲೀಟರ್ ಇಳಿಯುವಂತೆ ಮಾಡಿ. 21 ಡಿಗ್ರಿಯ ನೀರಾದರೆ 100 ವ್ಯಾಟ್ ಹೀಟರ್ ಅಷ್ಟು ಹೊತ್ತಿನಲ್ಲಿ ಅದನ್ನು ಸರಿದೂಗಿಸಬಲ್ಲದು, ತೊಟ್ಟಿಯ ಶಾಖ ಕದಲುವುದೇ ಇಲ್ಲ. ಬೆಟ್ಟಾ, ಸಿಗಡಿ ಇರುವ ಸಣ್ಣ ತೊಟ್ಟಿಗಳಿಗೆ ಇದಕ್ಕಿಂತ ಮೃದುವಾದ ದಾರಿ ನನಗೆ ಗೊತ್ತಿಲ್ಲ. ಒಂದೇ ಷರತ್ತು, ನೀರು ತೆಗೆದ ಮೇಲೂ ಹೀಟರ್ ಪೂರ್ತಿ ಮುಳುಗಿರಬೇಕು.

ಯಾವ ದಾರಿಯಾದರೂ ಅಳೆಯುವುದು ಒಂದೇ ಥರ್ಮಾಮೀಟರಿನಿಂದ ಇರಲಿ. ಅಗ್ಗದ ಥರ್ಮಾಮೀಟರ್ ಒಂದು ಡಿಗ್ರಿ ತಪ್ಪು ತೋರಿಸಬಹುದು, ಆದರೆ ತೊಟ್ಟಿಗೂ ಬಕೆಟಿಗೂ ಅದೇ ತಪ್ಪು ತೋರಿಸಿದರೆ ಅಂತರ ಸರಿಯಾಗಿಯೇ ಸಿಗುತ್ತದೆ. ಗಾಜಿಗೆ ಹೊರಗಿಂದ ಅಂಟಿಸುವ ಪಟ್ಟಿ ಕೋಣೆಯ ಹವೆಗೂ ಬದಲಾಗುತ್ತದೆ, ಬಕೆಟಿಗೆ ಅದು ಬಾರದು.

ತೊಟ್ಟಿಯೊಳಗಿನ ಹೀಟರ್: ಸ್ವಿಚ್ಚೋ, ಪ್ಲಗ್ಗೋ

ಕೆಲಸ ಶುರುಮಾಡುವ 20-30 ನಿಮಿಷ ಮೊದಲು ಹೀಟರ್ ಆರಿಸಿ. ಬಿಸಿ ಗಾಜಿನ ಕೊಳವೆ ನೀರಿನಿಂದ ಹೊರಬಂದರೆ ಇನ್ನೂ ಕಾಯುತ್ತದೆ, ಅದರ ಮೇಲೆ ಹೊಸ ನೀರು ಬಿದ್ದರೆ ಸೀಳುತ್ತದೆ. ಸೀಳಿದ ಹೀಟರಿನಿಂದ ನೀರಿಗೆ ಕರೆಂಟ್ ಇಳಿಯಬಹುದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಕರೆಂಟ್ ಹೋಗಿದೆ ಎಂದು ಹಾಗೇ ನೀರು ತೆಗೆಯಲು ಕೂಡಬೇಡಿ. ಅರ್ಧ ತೊಟ್ಟಿ ಖಾಲಿಯಾದಾಗ ಕರೆಂಟ್ ಬಂದರೆ ಹೀಟರ್ ಒಣಗಾಳಿಯಲ್ಲಿ ಹೊತ್ತಿಕೊಳ್ಳುತ್ತದೆ, ನಿಮ್ಮ ಕೈ ನೀರಿನಲ್ಲಿರುತ್ತದೆ. ಹೊಸ ನೀರು ತುಂಬಿದ ಮೇಲೂ 15-20 ನಿಮಿಷ ಬಿಟ್ಟು ಪ್ಲಗ್ ಹಾಕಿ. ಹನಿಸುವ ಉಪಾಯ ಮಾಡುವವರು ಕೊಳಕು ತೆಗೆಯುವಾಗ ಪ್ಲಗ್ ಕಿತ್ತಿಟ್ಟು, ಕೈ ಹೊರಬಂದ ಮೇಲೆ, ನೀರಿನ ಮಟ್ಟ ನೋಡಿ ಹಾಕಿದರಾಯಿತು.

ಹೊಸ ಹೀಟರ್ ಕೊಳ್ಳುವವರಿಗೆ: ಪೂರ್ತಿ ಮುಳುಗುವ ಮಾದರಿಯನ್ನು ತಳದ ಹತ್ತಿರ ಅಡ್ಡಲಾಗಿ ಕೂಡಿಸುವುದು, ಉದ್ದಕ್ಕೆ ನಿಲ್ಲಿಸುವುದಕ್ಕಿಂತ ಮೇಲು. ನೀರು ಇಳಿದರೂ ಕೊಳವೆ ಹೊರಗೆ ಕಾಣುವುದಿಲ್ಲ. ಲೀಟರಿಗೆ ಒಂದು ವ್ಯಾಟ್ ನಮ್ಮ ಚಳಿಗೆ ಸಾಕು, ಬೀದರಿನಲ್ಲಿ ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು. ವೈರು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಲಿ, ತೊಟ್ಟಿಕ್ಕಿದ ನೀರು ಸಾಕೆಟ್ ಸೇರದು. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಇಲ್ಲದಿದ್ದರೆ ಹೀಟರಿಗಿಂತ ಮೊದಲು ಅದನ್ನು ಹಾಕಿಸಿ.

ನೀರು ತೆಗೆಯಲು ಗ್ರಾವೆಲ್ ಸೈಫನ್ ಪೈಪು ಸಾಕು, ಮಗ್ಗಿನಿಂದ ಮೊಗೆದರೆ ಕೊಳಕು ಕೆಳಗೇ ಉಳಿಯುತ್ತದೆ. ಬಾಯಿಂದ ಎಳೆಯಬೇಡಿ, ಪೈಪನ್ನು ನೀರಲ್ಲಿ ಮುಳುಗಿಸಿ ತುಂಬಿಕೊಂಡು ತುದಿ ಮುಚ್ಚಿ ಇಳಿಬಿಟ್ಟರೆ ಹರಿಯುತ್ತದೆ. ಫಿಲ್ಟರ್ ಸ್ಪಂಜನ್ನು ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ಅಕ್ವೇರಿಯಂ ಬಕೆಟ್ ಬೇರೆಯೇ ಇರಲಿ, ಸೋಪು ತಾಗಬಾರದು. ಹಳೆ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿ, ಗೊಬ್ಬರವೇ ಅದು.

ಬೇಸಿಗೆಯಲ್ಲಿ ಎಲ್ಲವೂ ತಿರುಗುಮುರುಗು

ಶರಣಬಸವೇಶ್ವರ ಜಾತ್ರೆ ಮುಗಿಯುವ ಹೊತ್ತಿಗೆ ಹೀಟರಿನ ಕೆಲಸ ಮುಗಿದಿರುತ್ತದೆ. ಥರ್ಮೋಸ್ಟಾಟ್ ನೋಡಿಕೊಳ್ಳುತ್ತದೆ ಎಂದು ಪ್ಲಗ್ ಬಿಡುವುದಕ್ಕಿಂತ ತೆಗೆದಿಡುವುದು ಕ್ಷೇಮ. ಥರ್ಮೋಸ್ಟಾಟ್ ಅಂಟಿಕೊಂಡು ಹೀಟರ್ ನಿಲ್ಲದೆ ಕಾಯುವುದುಂಟು, ಏಪ್ರಿಲ್‌ನಲ್ಲಿ ಹಾಗಾದರೆ ಮೀನು ಉಳಿಯುವುದಿಲ್ಲ. ಹೊರಗೆ ಬಿಸಿಲು 42-43 ಮುಟ್ಟಿದಾಗ ತೊಟ್ಟಿಯ ನೀರು 32-33ಕ್ಕೆ ಏರುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ ಏಳೂವರೆ ಮಾತ್ರ ಹಿಡಿಯುತ್ತದೆ. ಅದೇ ಹೊತ್ತಿಗೆ ಮೀನಿಗೆ ಬೇಕಾಗುವುದು ಹೆಚ್ಚು.

ಈ ತಿಂಗಳುಗಳಲ್ಲಿ ಸಿಂಟೆಕ್ಸ್ ನೀರನ್ನು ಬೆಳಗಿನ ಐದು-ಆರಕ್ಕೆ ಹಿಡಿದಿಟ್ಟು, ಮನೆಯೊಳಗೆ ತಂಪಾದ ಜಾಗದಲ್ಲಿ ಇಡಿ. ನೆಲದಡಿಯ ಸಂಪ್ ಇದ್ದರೆ ಅದರ ನೀರೇ ಒಳ್ಳೆಯದು. ತೊಟ್ಟಿ ತಂಪಾಗಲೆಂದು ಮಂಜುಗಡ್ಡೆ ಹಾಕಿ ಒಮ್ಮೆಲೇ ಇಳಿಸುವುದು ಚಳಿಗಾಲದ ತಣ್ಣೀರಿನಷ್ಟೇ ಕೆಟ್ಟದ್ದು. ಮುಚ್ಚಳ ತೆಗೆದು, ಮೀನು ಜಿಗಿಯದಂತೆ ಜಾಳಿಗೆ ಹಾಕಿ, ನೀರಿನ ಮೇಲೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಟ್ಟರೆ ನಮ್ಮ ಒಣ ಹವೆಯಲ್ಲಿ ಆವಿಯಾಗುವುದರಿಂದಲೇ ಎರಡು-ಮೂರು ಡಿಗ್ರಿ ಇಳಿಯುತ್ತದೆ.

ಆವಿಯಾದ ನೀರನ್ನು ತುಂಬುವುದಕ್ಕೂ ನೀರು ಬದಲಿಸುವುದಕ್ಕೂ ಇರುವ ವ್ಯತ್ಯಾಸ ಬೇಸಿಗೆಯಲ್ಲಿ ಮುಖ್ಯ. ಆವಿಯಾಗುವುದು ನೀರು ಮಾತ್ರ, ಲವಣ ಎಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಖಾಲಿಯಾದ ಜಾಗಕ್ಕೆ ಪ್ರತಿದಿನ ಬೋರ್ ನೀರು ತುಂಬುತ್ತ ಹೋದರೆ ಎರಡು ತಿಂಗಳಲ್ಲಿ ಗಡಸುತನ ಏರುತ್ತಲೇ ಹೋಗುತ್ತದೆ. ಮೇಲ್ಭರ್ತಿಗೆ ಆರ್‌ಒ ನೀರು, ವಾರದ ಬದಲಾವಣೆಗೆ ಎಂದಿನ ನೀರು: ಮಾರ್ಚ್‌ನಿಂದ ಜೂನ್‌ವರೆಗೆ ಹೀಗೆ ಹಂಚಿಕೊಳ್ಳಿ.

ಬದಲಿಸಿದ ಮೇಲೆ ಒಂದು ಗಂಟೆ ಮೀನು ನೋಡಿ. ರೆಕ್ಕೆ ಮುದುಡಿ ಮೂಲೆಯಲ್ಲಿ ನಿಂತರೆ ಮೊದಲು ಶಾಖ ಅಳೆಯಿರಿ. ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಕ್ಲೋರಿನ್ ಅಥವಾ ಆಮ್ಲಜನಕದ ಕೊರತೆ, ಇಡೀ ತೊಟ್ಟಿಯ ಲೆಕ್ಕದಲ್ಲಿ ಆಂಟಿಕ್ಲೋರಿನ್ ಹಾಕಿ ಏರ್ ಪಂಪ್ ಜೋರು ಮಾಡಿ. ಶಾಖ ಮೂರು-ನಾಲ್ಕು ಡಿಗ್ರಿ ಕುಸಿದಿದ್ದರೆ ಗಾಬರಿಯಲ್ಲಿ ಬಿಸಿನೀರು ಸುರಿಯಬೇಡಿ, ಅದು ಎರಡನೇ ಪೆಟ್ಟು. ಹೀಟರ್ ಹಾಕಿ, ತೊಟ್ಟಿಗೆ ಒಂದು ದಪ್ಪ ಬಟ್ಟೆ ಸುತ್ತಿ, ದೀಪ ಆರಿಸಿ, ಆ ದಿನ ಆಹಾರ ಹಾಕದೆ ಬಿಡಿ. ಮುಂದಿನ ಒಂದು ವಾರ ದಿನಕ್ಕೊಮ್ಮೆ ಮೀನಿನ ರೆಕ್ಕೆ, ಬಾಲದ ಮೇಲೆ ಬಿಳಿ ಚುಕ್ಕೆ ಮೂಡಿದೆಯೇ ನೋಡುತ್ತಿರಿ.